ಕೀಳದೆ ಕೊಯ್ಯುವ ಕೈತೋಟ: ಜೈನ ಅಡುಗೆಮನೆಗೆ ಕಡಿಮೆ ಆರೈಕೆಯ ಸೊಪ್ಪು, ಕಾಯಿ, ಮೂಲಿಕೆ

ಹಿತ್ತಲಿನಲ್ಲೋ ತಾರಸಿಯಲ್ಲೋ ನಾಲ್ಕು ಕುಂಡ ಇಟ್ಟು ಮನೆಗೆ ಬೇಕಾದ ಸೊಪ್ಪು ಬೆಳೆದುಕೊಳ್ಳಬೇಕೆಂಬ ಆಸೆ ನಮ್ಮ ಅನೇಕ ಶ್ರಾವಕ ಕುಟುಂಬಗಳಲ್ಲಿದೆ. ಸಂತೆಯಿಂದ ತಂದ ಸೊಪ್ಪಿಗೆ ಎಂಥ ನೀರು ಹಾಯಿಸಿದ್ದಾರೆ, ಯಾವ ಔಷಧಿ ಹೊಡೆದಿದ್ದಾರೆ ಎಂಬುದು ತಿಳಿಯುವುದಿಲ್ಲ. ಆದರೆ ಆಸೆಯ ಜೊತೆಗೆ ಒಂದು ಅಳುಕೂ ಇರುತ್ತದೆ. ಮಣ್ಣು ಅಗೆದರೆ ಎರೆಹುಳು ಸಾಯುವುದಿಲ್ಲವೇ? ಗಿಡಕ್ಕೆ ಹುಳು ಬಿದ್ದರೆ ಏನು ಮಾಡುವುದು? ಅದರ ಬದಲು ಅಂಗಡಿಯಿಂದ ತಂದುಬಿಡುವುದೇ ಮೇಲಲ್ಲವೇ? ಮನೆಯ ಹಿರಿಯರು ಈ ಪ್ರಶ್ನೆ ಕೇಳಿದಾಗ ಕಿರಿಯರಲ್ಲಿ ಸರಿಯಾದ ಉತ್ತರವಿರುವುದಿಲ್ಲ. ಕುಂಡಗಳು ಖಾಲಿ ಉಳಿಯುತ್ತವೆ.

ಉತ್ತರ ಇದೆ, ಆದರೆ ಅದು ಗಿಡ ನೆಟ್ಟ ಮೇಲೆ ಹುಡುಕುವಂಥದ್ದಲ್ಲ. ಕೈತೋಟದಲ್ಲಿ ಆಗುವ ಹಿಂಸೆಯ ಬಹುಪಾಲು ಯಾವ ಗಿಡ, ಎಲ್ಲಿ, ಯಾವ ತಿಂಗಳಲ್ಲಿ ಎಂದು ನಾವು ಆರಿಸುವ ದಿನವೇ ತೀರ್ಮಾನವಾಗಿರುತ್ತದೆ. ವರ್ಷಕ್ಕೆ ಮೂರು ಸಲ ಮಣ್ಣು ಅಗೆದು, ಬಿತ್ತಿ, ಕಿತ್ತು, ಮತ್ತೆ ಬಿತ್ತುವ ತರಕಾರಿಗಳಲ್ಲಿ ಕೆಲಸವೂ ಹೆಚ್ಚು, ಜೀವಹಾನಿಯೂ ಹೆಚ್ಚು. ಒಮ್ಮೆ ನೆಟ್ಟರೆ ಐದು, ಹತ್ತು ವರ್ಷ ನಿಂತು, ಎಲೆಯನ್ನೋ ಕಾಯಿಯನ್ನೋ ಮಾತ್ರ ಕೊಡುತ್ತ ಹೋಗುವ ಬಹುವಾರ್ಷಿಕ ಗಿಡಗಳಲ್ಲಿ ಎರಡೂ ಕಡಿಮೆ. ದುಡಿಮೆ ಕಡಿಮೆ ಬೇಡುವ ತೋಟವೇ ನಮ್ಮ ಆಚಾರಕ್ಕೂ ಹೊಂದುವ ತೋಟವಾಗುತ್ತದೆ. ಈ ಲೇಖನದಲ್ಲಿ ಅಂಥ ಗಿಡಗಳನ್ನೇ ಮುಖ್ಯವಾಗಿ ಹೇಳಲಾಗಿದೆ.

ಆಚಾರದ ಚೌಕಟ್ಟು

ಕೃಷಿ ನಮಗೆ ಹೊರತಾದದ್ದಲ್ಲ. ಆದಿ ತೀರ್ಥಂಕರ ವೃಷಭನಾಥರು ಜನರಿಗೆ ಕಲಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳಲ್ಲಿ ಕೃಷಿಯೂ ಒಂದು. ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಗಳಲ್ಲೂ ಕರಾವಳಿಯಲ್ಲೂ ಇಂದಿಗೂ ಅಸಂಖ್ಯ ಜೈನ ಮನೆತನಗಳು ಬೇಸಾಯದಿಂದಲೇ ಬದುಕುತ್ತಿವೆ. ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪಿ ಹಿಂಸೆಯನ್ನು, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದನ್ನು. ಅಡುಗೆ, ಬೇಸಾಯ, ಮನೆಗೆಲಸಗಳಲ್ಲಿ ತಪ್ಪಿಸಲಾಗದೆ ಆಗುವ ಹಿಂಸೆಯನ್ನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಎಂಟನೆಯ ಪ್ರತಿಮೆಯಾದ ಆರಂಭತ್ಯಾಗಕ್ಕೆ ಏರಿದವರು ಇಂಥ ಕೆಲಸಗಳನ್ನು ತಾವಾಗಿ ಬಿಡುತ್ತಾರೆ. ಮನೆಯಲ್ಲಿ ಅಂಥ ವ್ರತಿಕರಿದ್ದರೆ ಅವರ ಕೈಗೆ ಗುದ್ದಲಿ ಕೊಡಬೇಡಿ, ಅಷ್ಟೆ.

ಇದನ್ನು ಕೈತೋಟಕ್ಕೆ ಅನ್ವಯಿಸಿದರೆ ಮಾತು ಸ್ಪಷ್ಟ. ಗಿಡ ಏಕೇಂದ್ರಿಯ ಜೀವಿ, ಅದರ ಎಲೆಯನ್ನೋ ಕಾಯಿಯನ್ನೋ ಬೇಕಾದಷ್ಟೇ ಕೊಯ್ಯುತ್ತೇವೆ. ಮಣ್ಣಿನಲ್ಲಿ, ಎಲೆಯ ಮೇಲೆ ಇರುವ ಹುಳು, ಇರುವೆ, ಚಿಟ್ಟೆಗಳು ತ್ರಸ ಜೀವಿಗಳು. ಅವುಗಳಿಗೆ ಔಷಧಿ ಹೊಡೆಯುವುದು ಸಂಕಲ್ಪಿ ಹಿಂಸೆಗೇ ಸೇರುತ್ತದೆ. ಹಾಗಾಗಿ ಔಷಧಿ ಬೇಕೇ ಬೇಕಾಗುವ ಗಿಡವನ್ನು ಮೊದಲೇ ನೆಡದಿರುವುದು ಜಾಣತನ.

ಯಾವುದನ್ನು ಬಿಡಬೇಕು

ಕಂದಮೂಲಗಳ ವಿಷಯ ಹೇಳಬೇಕಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಬೀಟ್‌ರೂಟ್ ನಮ್ಮ ತೋಟದಲ್ಲಿ ಇರುವುದಿಲ್ಲ. ಫಲ ಅಲ್ಪವಾಗಿದ್ದು ಜೀವಘಾತ ಬಹಳವಾಗುವ ವಸ್ತುಗಳನ್ನು ಬಿಡಬೇಕೆಂದು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವಾಗ ಮೂಲಂಗಿ, ಹಸಿ ಶುಂಠಿಗಳ ಜೊತೆಗೆ ಬೇವಿನ ಹೂವು, ಕೇದಗೆಯನ್ನೂ ಸೇರಿಸಿದ್ದಾರೆ. ಅಂದರೆ ನೆಲದಡಿ ಬೆಳೆಯುತ್ತದೆಯೇ ಇಲ್ಲವೇ ಎಂಬುದೊಂದೇ ಅಳತೆಯಲ್ಲ. ಎಷ್ಟು ಪಡೆಯಲು ಎಷ್ಟು ಜೀವಹಾನಿ ಎಂಬ ಲೆಕ್ಕವೂ ಇದೆ. ಕೈತೋಟದ ಗಿಡ ಆರಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಬೇಕಿಲ್ಲ.

ನರ್ಸರಿಗಳಲ್ಲಿ ಈಗ ಅಂಜೂರದ ಸಸಿ ಬಹಳ ಮಾರಾಟವಾಗುತ್ತದೆ. ಐದು ಉದುಂಬರ ಫಲಗಳ ತ್ಯಾಗ ಪಾಲಿಸುವ ಮನೆಗೆ ಅದು ಬೇಡ. ಅಂಗಡಿಯವರು ‘ಆರೋಗ್ಯಕ್ಕೆ ಒಳ್ಳೆಯದು’ ಎಂದು ಕೈಗಿಟ್ಟರೂ ನಯವಾಗಿ ಹಿಂದಿರುಗಿಸಿ. ಬದನೆಯನ್ನು ಬಹುಬೀಜವೆಂದು ಅನೇಕರು ಬಿಟ್ಟಿರುತ್ತಾರೆ. ತಿನ್ನುವವರಿದ್ದರೂ ಕಾಯಿಕೊರಕ ಹುಳು ಬಾರದ ಬದನೆ ಗಿಡ ಅಪರೂಪ. ಎಲೆಕೋಸು, ಹೂಕೋಸಿನದೂ ಅದೇ ಕಥೆ: ಪದರ ಪದರದಲ್ಲಿ ಹುಳು. ತಟ್ಟೆಯಲ್ಲಿ ಕಾಳು ಮೊಳಕೆ ಬರಿಸಿ ಎಳೆಯ ಚಿಗುರನ್ನೇ ಕತ್ತರಿಸಿ ತಿನ್ನುವ ‘ಮೈಕ್ರೋಗ್ರೀನ್ಸ್’ ಎಂಬ ಹೊಸ ಪದ್ಧತಿ ನಗರಗಳಲ್ಲಿ ಬಂದಿದೆ. ಮೊಳಕೆಯ ಹಂತವನ್ನು ಅನಂತಕಾಯವೆಂದು ತಿಳಿದು ವರ್ಜಿಸುವ ಮನೆಗಳು ಇದನ್ನೂ ಬಿಡಬೇಕಾಗುತ್ತದೆ.

ಅರಿಶಿನದ ಬಗ್ಗೆ ಒಂದು ಮಾತು. ಗಡ್ಡೆಗಾಗಿ ಅಲ್ಲದೆ ಎಲೆಗಾಗಿ ಅರಿಶಿನ ಬೆಳೆಯುವುದು ಕರಾವಳಿಯಲ್ಲಿ ರೂಢಿ. ಎಲೆಯಲ್ಲಿ ಮಡಚಿ ಬೇಯಿಸಿದ ಕಡುಬಿನ ಪರಿಮಳ ಬಲ್ಲವರಿಗೇ ಗೊತ್ತು. ಗಡ್ಡೆಯನ್ನು ಕೀಳದೆ ಬಿಟ್ಟರೆ ಪ್ರತಿ ಮಳೆಗಾಲಕ್ಕೆ ತಾನಾಗಿ ಚಿಗುರುತ್ತದೆ. ನೆಡುವಾಗ ಗಡ್ಡೆಯನ್ನೇ ಊರಬೇಕಾದ್ದರಿಂದ ಇದು ಬೇಕೋ ಬೇಡವೋ ಎಂಬುದನ್ನು ಮನೆಯ ಹಿರಿಯರಿಗೆ ಬಿಡುವುದು ಒಳ್ಳೆಯದು.

ನೆಡಬೇಕಾದ ಗಿಡಗಳು

ಮೊದಲ ಸ್ಥಾನ ಕರಿಬೇವಿಗೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಒಗ್ಗರಣೆಗೆ ಇಂಗಿನ ನಂತರ ಜೀವ ಕೊಡುವುದು ಇದೇ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿ.ಡಬ್ಲ್ಯೂ.ಡಿ-1 ಮತ್ತು ಡಿ.ಡಬ್ಲ್ಯೂ.ಡಿ-2 ತಳಿಗಳು ಪರಿಮಳಕ್ಕೆ ಹೆಸರಾಗಿವೆ. ಇಲ್ಲವಾದರೆ ಪರಿಚಯದ ಮನೆಯ ಮರದ ಬುಡದಲ್ಲಿ ಎದ್ದ ಕಂದು ಸಾಕು. ಕುಂಡದಲ್ಲಿ ಬೆಳೆಯುವುದಾದರೆ 15ರಿಂದ 18 ಇಂಚಿನದು ಬೇಕು, ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮೊದಲ ವರ್ಷ ಎಲೆ ಕೊಯ್ಯುವ ಆತುರ ಬೇಡ. ಗಿಡ ಎರಡಡಿ ಆದಾಗ ತುದಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ. ಒಂದೊಂದೇ ಎಲೆ ಕೀಳುವ ಬದಲು ಇಡೀ ಗರಿಯನ್ನು ಬುಡದಲ್ಲಿ ಮುರಿದು ತೆಗೆಯಿರಿ, ಅಲ್ಲಿಂದಲೇ ಹೊಸ ಚಿಗುರು ಬರುತ್ತದೆ. ಚಳಿಗಾಲದಲ್ಲಿ ಎಲೆ ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಆಗ ನೀರು ಕಡಿಮೆ ಮಾಡಿ.

ತೊಂಡೆ ಬಳ್ಳಿ ಚಾತುರ್ಮಾಸದ ಆಪ್ತಮಿತ್ರ. ಮಳೆಗಾಲದಲ್ಲಿ ಸೊಪ್ಪಿನಲ್ಲಿ ಸೂಕ್ಷ್ಮ ಜೀವಿಗಳು ಹೆಚ್ಚೆಂದು ಅನೇಕ ಮನೆಗಳಲ್ಲಿ ನಾಲ್ಕು ತಿಂಗಳು ಎಲೆ ತರಕಾರಿಯನ್ನೇ ಬಿಡುತ್ತಾರೆ. ಆಗ ಕೈಗೆ ಸಿಗಬೇಕಾದದ್ದು ಕಾಯಿ. ಸೊಪ್ಪನ್ನೇ ನೆಚ್ಚಿಕೊಂಡ ಕೈತೋಟ ಆಷಾಢ ಬರುತ್ತಲೇ ನಮ್ಮ ಪಾಲಿಗೆ ಮುಚ್ಚಿಹೋಗುತ್ತದೆ. ಪುಸ್ತಕಗಳಲ್ಲಿ ಹೇಳುವ ‘ಅಡುಗೆಮನೆ ತೋಟ’ದ ಪಟ್ಟಿ ನಮಗೆ ಹೊಂದದಿರುವುದು ಇದೇ ಕಾರಣಕ್ಕೆ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದಲೇ ಪೆನ್ಸಿಲ್ ಗಾತ್ರದ, ಒಂದು ಗೇಣುದ್ದದ, ಮೂರ್ನಾಲ್ಕು ಗೆಣ್ಣುಗಳಿರುವ ತುಂಡು ತನ್ನಿ. ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ಊರಿ. ಬೀಜದಿಂದ ಬೆಳೆಸಿದರೆ ಗಂಡು ಬಳ್ಳಿ ಬಂದು ಕಾಯಿಯೇ ಆಗದಿರಬಹುದು. ಕಬ್ಬಿಣದ ಜಾಲರಿಯೋ ಹಗ್ಗದ ಚಪ್ಪರವೋ ಇದ್ದರೆ ಒಂದೇ ಬಳ್ಳಿ ಸಣ್ಣ ಸಂಸಾರಕ್ಕೆ ಸಾಲುತ್ತದೆ. ವರ್ಷಕ್ಕೊಮ್ಮೆ ಒಣಗಿದ ಬಳ್ಳಿಯನ್ನು ಮೊಳದೆತ್ತರಕ್ಕೆ ಸವರಿದರೆ ಮತ್ತೆ ಹಬ್ಬುತ್ತದೆ.

ನಿಂಬೆ ಬೇಕೇ ಬೇಕು. ಬೀಜದ ಸಸಿಯಾದರೆ ಮೂರರಿಂದ ಐದು ವರ್ಷ ಕಾಯಬೇಕು, ಕಸಿ ಗಿಡವಾದರೆ ಬೇಗ. ಕರಾವಳಿ, ಮಲೆನಾಡಿನವರು ಬಿಂಬುಳಿಯನ್ನೂ ಯೋಚಿಸಬಹುದು. ಕಾಂಡಕ್ಕೇ ಅಂಟಿಕೊಂಡಂತೆ ಗೊಂಚಲು ಗೊಂಚಲಾಗಿ ಹುಳಿ ಕಾಯಿ ಬಿಡುವ ಈ ಮರ ಆರೈಕೆಯನ್ನೇ ಕೇಳುವುದಿಲ್ಲ.

ಗಾಂಧಾರಿ ಮೆಣಸು, ಅಂದರೆ ಸೂಜಿಮೆಣಸು, ಸಾಮಾನ್ಯ ಮೆಣಸಿನ ಗಿಡಕ್ಕಿಂತ ಗಟ್ಟಿ. ಎರಡು ಮೂರು ವರ್ಷ ಬದುಕುತ್ತದೆ. ಅದರ ಪಕ್ಕದಲ್ಲಿ ಅರೆ ನೆರಳಿದ್ದರೆ ಪೊದೆ ಕಾಳುಮೆಣಸನ್ನು ಕುಂಡದಲ್ಲಿ ಇಡಿ. ಮರಕ್ಕೆ ಹಬ್ಬುವ ಬಳ್ಳಿಯ ಅಡ್ಡ ಕವಲಿನಿಂದ ತಯಾರಿಸಿದ ಇಂಥ ಗಿಡ ಮೇಲೇರುವುದಿಲ್ಲ, ಕುಂಡದಲ್ಲೇ ಪೊದೆಯಾಗಿ ನಿಂತು ಮೆಣಸು ಬಿಡುತ್ತದೆ. ಒಣಗಿಸಿದ ಕಾಳು ಪರ್ವದ ದಿನಕ್ಕೂ ಬಳಕೆಗೆ ಬರುತ್ತದೆ. ಹಸಿ ಶುಂಠಿ ಇಲ್ಲದ ಅಡುಗೆಗೆ ಖಾರದ ಪರಿಮಳ ಕೊಡುವುದೂ ಇದೇ.

ಎಲೆ ಗಿಡಗಳಲ್ಲಿ ದೊಡ್ಡಪತ್ರೆ ಎಲ್ಲಕ್ಕಿಂತ ಸುಲಭ. ಬೆರಳುದ್ದದ ತುಂಡು ಊರಿದರೆ ಹತ್ತು ಹದಿನೈದು ದಿನದಲ್ಲಿ ಬೇರು ಬಿಡುತ್ತದೆ. ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ, ಮರೆತರೆ ಬದುಕುತ್ತದೆ. ಒಂದೆಲಗಕ್ಕೆ, ತುಳುವಿನಲ್ಲಿ ತಿಮರೆ ಎನ್ನುತ್ತಾರಲ್ಲ, ಅದಕ್ಕೆ ಇದರ ತದ್ವಿರುದ್ಧ ಸ್ವಭಾವ: ನೆರಳು ಬೇಕು, ತೇವ ಬೇಕು, ಅಗಲವಾದ ಆರೆಂಟು ಇಂಚು ಆಳದ ತಟ್ಟೆ ಬೇಕು. ಬಟ್ಟೆ ಒಗೆಯುವ ಕಲ್ಲಿನ ಬಳಿ ಸಾಬೂನು ನೀರು ಹರಿಯುವಲ್ಲಿ ಮಾತ್ರ ನೆಡಬೇಡಿ, ಅದು ನೆಲಕ್ಕೆ ಅಂಟಿಕೊಂಡು ಬೆಳೆಯುವ ಸೊಪ್ಪು. ಈ ಎರಡರ ತಂಬುಳಿಯನ್ನೂ ಶುಂಠಿ ಇಲ್ಲದೆ ಜೀರಿಗೆ, ಕಾಳುಮೆಣಸು, ತೆಂಗಿನಕಾಯಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿ ಮಾಡಬಹುದು. ದ್ವಿದಳ ದೋಷ ಪಾಲಿಸುವ ಮನೆಗಳಲ್ಲಿ ಒಗ್ಗರಣೆಗೆ ಉದ್ದಿನಬೇಳೆ ಬೀಳದಂತೆ ನೋಡಿಕೊಳ್ಳಿ. ಸಾಸಿವೆ, ಜೀರಿಗೆ, ಕರಿಬೇವು ಸಾಕು. ಹೊಸದಾಗಿ ಬಂದ ಸೊಸೆಯಂದಿರು ಅಭ್ಯಾಸಬಲದಿಂದ ಬೇಳೆ ಹಾಕಿಬಿಡುವುದುಂಟು!

ಮಜ್ಜಿಗೆ ಹುಲ್ಲು ಕಷಾಯಕ್ಕೆ. ಒಂದು ಬುಡ ನೆಟ್ಟರೆ ವರ್ಷದಲ್ಲಿ ತೋಳಗಲದ ಪೊದೆ. ಎಲೆಯನ್ನು ಕತ್ತರಿಯಿಂದ ಕತ್ತರಿಸಿ, ಬುಡ ಕೀಳಬೇಡಿ. ಪುದೀನಕ್ಕೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು. ತುಳಸಿಯೂ ಕಷಾಯಕ್ಕಾಗುತ್ತದೆ. ಬಸಳೆಯನ್ನು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯವರು ತೊಂಡೆಯಂತೆಯೇ ತುಂಡು ಊರಿ ಚಪ್ಪರಕ್ಕೆ ಬಿಟ್ಟರೆ ಸರಿ.

ಚಕ್ರಮುನಿ ಸೊಪ್ಪಿನ ಬಗ್ಗೆ ಸ್ವಲ್ಪ ಎಚ್ಚರ. ಇದು ಬಹಳ ಒಳ್ಳೆಯ ಬಹುವಾರ್ಷಿಕ ಗಿಡ. ತುಂಡಿನಿಂದ ಸುಲಭವಾಗಿ ಬರುತ್ತದೆ, ಸೊಂಟದೆತ್ತರಕ್ಕೆ ಸವರಿ ಇಟ್ಟುಕೊಂಡರೆ ವರ್ಷವಿಡೀ ಎಲೆ. ‘ವಿಟಮಿನ್ ಸೊಪ್ಪು’ ಎಂದು ಕೆಲವರು ಹಸಿಯಾಗಿಯೇ ರುಬ್ಬಿ ರಸ ಕುಡಿಯುತ್ತಾರೆ. ಹಾಗೆ ಮಾಡಬಾರದು. 1990ರ ದಶಕದ ಮಧ್ಯದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬಂದಿತ್ತು. ಪಲ್ಯ, ಸಾರಿಗೆ ಬೇಯಿಸಿ, ಇತರ ಸೊಪ್ಪಿನಂತೆ ಆಗೊಮ್ಮೆ ಈಗೊಮ್ಮೆ ಬಳಸಿ.

ಇನ್ನು ನುಗ್ಗೆ. ಸೊಪ್ಪು, ಹೂವು, ಕಾಯಿ ಮೂರನ್ನೂ ಕೊಡುವ ಮರ. ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ, ತಮಿಳುನಾಡಿನ ಪಿ.ಕೆ.ಎಂ-1 ಬೀಜ ಹಾಕಿದ ವರ್ಷದೊಳಗೇ ಕಾಯಿ ಬಿಡುತ್ತವೆ. ಆದರೂ ಇದನ್ನು ಪಟ್ಟಿಯ ಕೊನೆಗೆ ಇಡಲು ಕಾರಣವಿದೆ. ಮಳೆಗಾಲದಲ್ಲಿ ನುಗ್ಗೆ ಕಾಂಡದ ಮೇಲೆ ಕಂಬಳಿಹುಳುಗಳು ಗುಂಪುಗುಂಪಾಗಿ ಕೂರುತ್ತವೆ. ಮೈಗೆ ತಾಗಿದರೆ ತುರಿಕೆ, ದದ್ದು. ಹಳ್ಳಿಗಳಲ್ಲಿ ಇದಕ್ಕೆ ಮಾಡುವ ಪರಿಹಾರ ಪಂಜು ಹಿಡಿದು ಸುಡುವುದು. ನಮ್ಮಿಂದ ಆಗದ, ನಮ್ಮ ಆಳಿನಿಂದಲೂ ಮಾಡಿಸಬಾರದ ಕೆಲಸ ಅದು. ಮಾಡಿಸುವುದು, ಅನುಮೋದಿಸುವುದೂ ಮಾಡಿದಷ್ಟೇ ದೋಷವೆಂದು ನಮಗೆ ಗೊತ್ತಿದೆ. ಆದ್ದರಿಂದ ಗೋಡೆಗೆ ತಾಗಿಸಿ, ಬಟ್ಟೆ ಒಣಗಿಸುವ ತಂತಿಯ ಬಳಿ, ಮಕ್ಕಳು ಓಡಾಡುವ ದಾರಿಯಲ್ಲಿ ನುಗ್ಗೆ ನೆಡಲೇಬೇಡಿ. ಮನೆಯಿಂದ ಇಪ್ಪತ್ತಡಿಯಾದರೂ ದೂರ ಜಾಗವಿದ್ದರೆ ಮಾತ್ರ ನೆಡಿ. ಎದೆಯೆತ್ತರಕ್ಕೆ ಸವರಿ ಕುಳ್ಳಾಗಿ ಬೆಳೆಸಿ. ಹುಳು ಬಂದ ವರ್ಷ ಆ ಕಡೆ ಹೋಗದಿರಿ. ಎಲೆಯೆಲ್ಲ ಬೋಳಾದರೂ ನುಗ್ಗೆ ಮತ್ತೆ ಚಿಗುರುವ ಮರ. ಅಷ್ಟು ಜಾಗ ಇಲ್ಲದವರು ನುಗ್ಗೆಕಾಯಿಯನ್ನು ಸಂತೆಯಿಂದಲೇ ತರಲಿ.

ಮಣ್ಣು, ಗೊಬ್ಬರ: ಕೇಳಿ ತರಬೇಕಾದದ್ದು

ನರ್ಸರಿಗಳಲ್ಲಿ ಸಿಗುವ ‘ರೆಡಿ ಮಿಕ್ಸ್’ ಮಣ್ಣಿನ ಚೀಲದಲ್ಲಿ ಎಲುಬಿನ ಪುಡಿ ಬೆರೆಸಿರುವುದು ಸಾಮಾನ್ಯ. ಗುಲಾಬಿ ಗೊಬ್ಬರ, ಹೂಗಿಡದ ಗೊಬ್ಬರ ಎಂದು ಮಾರುವ ಪೊಟ್ಟಣಗಳಲ್ಲೂ ಅದೇ. ಮೀನಿನಿಂದ ತಯಾರಿಸಿದ ದ್ರವ ಗೊಬ್ಬರ, ರಕ್ತದ ಪುಡಿ ಕೂಡ ಸಾವಯವ ಎಂಬ ಹೆಸರಿನಲ್ಲಿ ಬರುತ್ತವೆ. ಚೀಲದ ಮೇಲೆ ‘ಬೋನ್ ಮೀಲ್’ ಎಂದು ಬರೆದಿದೆಯೇ ನೋಡಿ, ಬರೆಯದಿದ್ದರೆ ಬಾಯಿಬಿಟ್ಟು ಕೇಳಿ. ಮುನಿಗಳ ಆಹಾರಕ್ಕೆ ಚೌಕ ಹಾಕುವ ಮನೆಯವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮನೆಯಲ್ಲೇ ಬೆರೆಸುವುದು ಕಷ್ಟವೇನಲ್ಲ. ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತು ಒಣಗಿದ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಅದಕ್ಕೆ ಕುಂಡಕ್ಕೆ ಒಂದು ಹಿಡಿಯಂತೆ ಬೇವಿನ ಹಿಂಡಿ. ಮುಂದೆ ಎರಡು ಮೂರು ತಿಂಗಳಿಗೊಮ್ಮೆ ಒಂದು ಹಿಡಿ ಹೊಂಗೆ ಹಿಂಡಿ ಅಥವಾ ಶೇಂಗಾ ಹಿಂಡಿ ಮೇಲೆ ಉದುರಿಸಿದರೆ ಸಾಕು. ಹಸಿ ಸಗಣಿ ಗೊಬ್ಬರ ಬೇಡ, ಅದರಲ್ಲಿ ಗೊಣ್ಣೆಹುಳುಗಳ ಮೊಟ್ಟೆ ಇರುತ್ತದೆ.

ಎರೆಹುಳು ಗೊಬ್ಬರದ ಬಗ್ಗೆ ಕೇಳುವವರಿದ್ದಾರೆ. ತೊಟ್ಟಿಯಲ್ಲಿ ಎರೆಹುಳು ಸಾಕಿ, ಜರಡಿ ಹಿಡಿದು ಬೇರ್ಪಡಿಸುವಾಗ ಆಗುವ ಹಾನಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನಮ್ಮ ಮನೆಗಳಿಗೆ ಅದು ಹೇಳಿಸಿದ್ದಲ್ಲ. ಅಡುಗೆಮನೆಯ ಹಸಿ ಕಸವನ್ನು ಮುಚ್ಚಿದ ಡಬ್ಬಿಯಲ್ಲಿ ಕೊಳೆಸುವುದೂ ಹುಳುಗಳ ರಾಶಿಯನ್ನೇ ಎಬ್ಬಿಸುತ್ತದೆ. ಆಮೇಲೆ ಆ ರಾಶಿಯನ್ನು ಎಲ್ಲಿ ಸುರಿಯುವುದು? ಅದಕ್ಕಿಂತ ಒಣ ಎಲೆಗಳನ್ನು ಗಿಡದ ಬುಡದಲ್ಲಿ ಎರಡು ಇಂಚು ದಪ್ಪ ಹೊದಿಸುವುದು ಉತ್ತಮ. ಅದು ಅಲ್ಲೇ ನಿಧಾನವಾಗಿ ಗೊಬ್ಬರವಾಗುತ್ತದೆ, ಅಗೆಯುವ ಮಾತಿಲ್ಲ, ಕಳೆ ಏಳುವುದಿಲ್ಲ, ಬೇಸಿಗೆಯಲ್ಲಿ ನೀರೂ ಅರ್ಧದಷ್ಟು ಉಳಿಯುತ್ತದೆ. ಆ ಹೊದಿಕೆಯನ್ನು ಆಗಾಗ ಕೆದಕಿ ನೋಡುವ ಚಟ ಮಾತ್ರ ಬೇಡ. ಅದರ ಕೆಳಗೆ ಸಂಸಾರ ಹೂಡಿದವರು ಹಾಗೇ ಇರಲಿ. ಒಣ ಎಲೆಗಳನ್ನು ಗುಡಿಸಿ ಬೆಂಕಿ ಹಾಕುವ ಅಭ್ಯಾಸವಂತೂ ತಕ್ಷಣ ನಿಲ್ಲಬೇಕು.

ತಾರಸಿಯಲ್ಲಿ ಬೆಳೆಯುವವರು ಭಾರವನ್ನು ನೆನಪಿಡಿ. 18 ಇಂಚಿನ ಕುಂಡ ನೆನೆದಾಗ 50 ಕಿಲೋ ದಾಟಬಹುದು. ದೊಡ್ಡ ಕುಂಡಗಳನ್ನು ನಡುವೆ ಇಡದೆ ಕೆಳಗೆ ಗೋಡೆ, ತೊಲೆ ಇರುವ ಅಂಚಿನಲ್ಲಿ ಇಡಿ.

ನೀರು

ಕುಡಿಯುವ ನೀರನ್ನು ಗಾಳಿಸುವ ಮನೆಗಳಲ್ಲಿ ಗಿಡಕ್ಕೂ ಗಾಳಿಸಿದ ನೀರನ್ನೇ ಹಾಕುವ ಕ್ರಮ ಕೆಲವೆಡೆ ಇದೆ. ಬಟ್ಟೆಯಲ್ಲಿ ಉಳಿದದ್ದನ್ನು ಬಾವಿಗೆ, ಅಂದರೆ ನೀರಿನ ಮೂಲಕ್ಕೇ ಹಿಂದಿರುಗಿಸುವುದನ್ನು ಮರೆಯಬಾರದು. ಅಷ್ಟು ಆಗದವರು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕಿದರೆ ಹೊಸ ನೀರಿನ ಖರ್ಚೇ ಕಡಿಮೆಯಾಗುತ್ತದೆ. ಅಪ್ಕಾಯದ ಜೀವಗಳ ಬಗ್ಗೆ ಯೋಚಿಸುವವರಿಗೆ ಇದೂ ಒಂದು ದಾರಿ.

ಸೂರ್ಯೋದಯದ ನಂತರ, ಬೆಳಕಿನಲ್ಲಿ ನೀರು ಹಾಕಿ. ಇರುವೆಯ ಸಾಲು, ಬಸವನಹುಳು ಎಲ್ಲಿವೆಯೆಂದು ಕಣ್ಣಿಗೆ ಕಾಣುತ್ತದೆ. ರಭಸದ ಪೈಪಿಗಿಂತ ತಂಬಿಗೆಯೋ ಹೂಜಿಯೋ ಲೇಸು. ನೆಲದಲ್ಲಿ ನೆಟ್ಟ ನಿಂಬೆ, ಕರಿಬೇವಿನ ಪಕ್ಕದಲ್ಲಿ ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಳ ಹಾಕಿಟ್ಟರೆ ನೀರು ತಾನಾಗಿ ಒಸರಿ ಬೇರಿಗೆ ತಲುಪುತ್ತದೆ. ಯಾತ್ರೆಗೆಂದು ನಾಲ್ಕು ದಿನ ಶ್ರವಣಬೆಳಗೊಳಕ್ಕೋ ಶಿಖರ್ಜಿಗೋ ಹೋದಾಗ ಗಿಡ ಒಣಗುವುದಿಲ್ಲ.

ಕುಂಡದ ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಲು ಬಿಡುವುದೊಂದು ದೊಡ್ಡ ತಪ್ಪು. ವಾರದೊಳಗೆ ಅದರಲ್ಲಿ ಸೊಳ್ಳೆಯ ಮರಿಗಳು ಆಡುತ್ತವೆ. ಆಮೇಲೆ ಚೆಲ್ಲಿದರೂ ಹಿಂಸೆ, ಬಿಟ್ಟರೆ ಮನೆಮಂದಿಗೆ ಡೆಂಗಿ. ತಟ್ಟೆಯಲ್ಲಿ ಮರಳು ತುಂಬಿಸಿ, ಅಥವಾ ತಟ್ಟೆಯೇ ಬೇಡ, ಇಟ್ಟಿಗೆಯ ಮೇಲೆ ಕುಂಡ ಕೂರಿಸಿ. ನೀರಿನ ಡ್ರಮ್ಮಿಗೆ ಸಣ್ಣ ಕಣ್ಣಿನ ಬಟ್ಟೆ ಕಟ್ಟಿ. ಜೀವ ಹುಟ್ಟಿದ ಮೇಲೆ ದಾರಿ ಹುಡುಕುವುದಕ್ಕಿಂತ ಹುಟ್ಟುವ ಅವಕಾಶವನ್ನೇ ಕೊಡದಿರುವುದು ಸುಲಭ.

ಹುಳು ಬಂದಾಗ

ಸಾವಯವ ಔಷಧಿ ಎಂದರೆ ಅಹಿಂಸೆಯ ಔಷಧಿ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಬೇವಿನ ಎಣ್ಣೆ ಹುಳುವಿನ ಪೊರೆ ಕಳಚುವಿಕೆಯನ್ನು ಕೆಡಿಸಿ ಸಾಯಿಸುತ್ತದೆ. ಸಾಬೂನು ನೀರು ಮೃದು ಮೈಯ ಕೀಟಗಳನ್ನು ಒಣಗಿಸಿ ಕೊಲ್ಲುತ್ತದೆ. ತಂಬಾಕಿನ ಕಷಾಯ ವಿಷ. ಹಳದಿ ಅಂಟು ಹಾಳೆಗೆ ಸಿಕ್ಕಿದ ನೊಣ ಒದ್ದಾಡಿ ಸಾಯುತ್ತದೆ. ಇವು ನಮ್ಮ ಆರೋಗ್ಯಕ್ಕೆ ರಾಸಾಯನಿಕಕ್ಕಿಂತ ಮೇಲಿರಬಹುದು, ಹುಳುವಿನ ಪಾಲಿಗೆ ವ್ಯತ್ಯಾಸವಿಲ್ಲ.

ಹಾಗಾದರೆ ಉಳಿಯುವುದೇನು? ಮೊದಲನೆಯದು ತಡೆ. ಎಳೆಯ ನಿಂಬೆ, ಕರಿಬೇವಿನ ಗಿಡಕ್ಕೆ ಮೊದಲ ಒಂದೆರಡು ವರ್ಷ ಸೊಳ್ಳೆಪರದೆಯಂಥ ಬಲೆ ಹೊದಿಸಿದರೆ ಚಿಟ್ಟೆ ಮೊಟ್ಟೆ ಇಡಲಾರದು. ಬಲೆಯ ಅಂಚನ್ನು ಕುಂಡಕ್ಕೆ ಬಿಗಿಯಾಗಿ ಕಟ್ಟಿ, ಜೋಲಾಡಿದರೆ ಹಕ್ಕಿ, ಓತಿಕ್ಯಾತ ಸಿಕ್ಕಿಹಾಕಿಕೊಳ್ಳುತ್ತವೆ. ಹೀರೆ, ಹಾಗಲ ಬೆಳೆಯುವವರು ಕಾಯಿ ಕಚ್ಚಿದ ಎರಡು ಮೂರು ದಿನದೊಳಗೆ ಕಾಗದದ ಚೀಲ ತೊಡಿಸಬೇಕು. ಹಣ್ಣುನೊಣ ಸಿಪ್ಪೆಯಡಿ ಮೊಟ್ಟೆ ಇಟ್ಟ ಮೇಲೆ ಆ ಕಾಯಿಯನ್ನು ಹೆಚ್ಚುವಾಗ ಒಳಗಿನ ಹುಳು ಈಳಿಗೆಗೆ ಸಿಗುತ್ತದೆ. ಚೀಲ ತೊಡಿಸಲು ಪುರುಸೊತ್ತಿಲ್ಲದವರು ತೊಂಡೆಗೇ ತೃಪ್ತರಾಗಲಿ.

ಎರಡನೆಯದು ಹಂಚಿಕೆ. ನಿಂಬೆ ಚಿಟ್ಟೆಯ ಮರಿ ಮೊದಲಿಗೆ ಹಕ್ಕಿಯ ಹಿಕ್ಕೆಯಂತೆ ಕಂದು ಬಿಳುಪಾಗಿ ಕಾಣುತ್ತದೆ, ಕೊನೆಗೆ ದಪ್ಪ ಹಸಿರು ಹುಳುವಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗಿನ ಕೊಂಬಿನಂಥದ್ದನ್ನು ಹೊರಚಾಚಿ ವಾಸನೆ ಬಿಡುತ್ತದೆಯೇ ಹೊರತು ಕಚ್ಚುವುದಿಲ್ಲ. ಸುಮಾರು ಎರಡು ವಾರ ತಿಂದು ಕೋಶಕಟ್ಟುತ್ತದೆ. ಇದನ್ನು ಕಂಡಾಗ ಒಂದು ಕಾಗದಕ್ಕೆ ಉದುರಿಸಿ ರಸ್ತೆಯಾಚೆ ಎಸೆದು ಬರುವುದು ನಮ್ಮಲ್ಲಿ ರೂಢಿ. ಕೊಲ್ಲಲಿಲ್ಲವೆಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆದರೆ ಆ ಹುಳು ನಿಂಬೆ, ಕರಿಬೇವು, ಬಿಲ್ವದಂಥ ಒಂದೇ ಕುಲದ ಗಿಡಗಳ ಎಲೆಯನ್ನಷ್ಟೇ ತಿನ್ನಬಲ್ಲದು. ಬೇರೆಲ್ಲಿ ಬಿಟ್ಟರೂ ಹಸಿವಿನಿಂದ ಸಾಯುತ್ತದೆ. ಸಾಗಿಸಲೇಬೇಕಾದರೆ ಕೂತ ಎಲೆಯ ಸಮೇತ ಕತ್ತರಿಸಿ ದೊಡ್ಡ ನಿಂಬೆ ಮರಕ್ಕೋ ಬಿಲ್ವಕ್ಕೋ ಸೇರಿಸಿ. ಜಾಗವಿದ್ದವರು ಎರಡು ಕರಿಬೇವು ನೆಟ್ಟು ಬಲೆಯಿಲ್ಲದ ಒಂದನ್ನು ಚಿಟ್ಟೆಗೇ ಬಿಡಬಹುದು. ಮೂರು ವರ್ಷ ದಾಟಿದ ಗಿಡಕ್ಕೆ ನಾಲ್ಕು ಹುಳು ತಿಂದರೆ ಏನೂ ಆಗದು.

ಹೇನು, ಬಿಳಿ ಹಿಟ್ಟಿನಂಥ ತಿಗಣೆ ಚಿಗುರಿಗೆ ಮುತ್ತಿದರೆ ಆ ಚಿಗುರನ್ನೇ ಮೆಲ್ಲಗೆ ಕತ್ತರಿಸಿ ನೆರಳಿನಲ್ಲಿ, ಬೇರೆ ಹಸಿರು ಇರುವ ಕಡೆ ಇಡಿ. ಹಿಂಡಿ ಗೊಬ್ಬರ ಅತಿಯಾದಾಗ, ಗಾಳಿ ಬೆಳಕು ಇಲ್ಲದಂತೆ ಕುಂಡಗಳನ್ನು ಒತ್ತೊತ್ತಾಗಿ ಇಟ್ಟಾಗ ಇವು ಹೆಚ್ಚು. ಒಂದು ಗಿಡ ಪ್ರತಿ ವರ್ಷವೂ ಹೀಗೆ ಮುತ್ತಿಗೆಗೆ ಸಿಗುತ್ತಿದ್ದರೆ ಆ ಗಿಡ ನಿಮ್ಮ ಜಾಗಕ್ಕೆ ಹೊಂದುವುದಿಲ್ಲವೆಂದೇ ಅರ್ಥ. ಅದನ್ನು ಮುಂದುವರಿಸಬೇಡಿ. ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ಒಂದೆಲಗ, ಚಕ್ರಮುನಿಗಳಿಗೆ ಇಂಥ ಕಾಟ ಬಹಳ ಕಡಿಮೆ.

ಯಾವಾಗ ನೆಡುವುದು

ಎಲ್ಲರೂ ಮಳೆ ಹಿಡಿದ ಮೇಲೆ ಗಿಡ ನೆಡುತ್ತಾರೆ. ಮಣ್ಣಿನಲ್ಲಿ ಜೀವಸಂಚಾರ ಅತಿ ಹೆಚ್ಚಿರುವುದೂ ಆಗಲೇ. ಮುನಿಗಳು ಒಂದೇ ಕಡೆ ನೆಲೆಸಿ ಚಾತುರ್ಮಾಸ ಆಚರಿಸುವುದೂ ಇದೇ ಕಾರಣಕ್ಕೆ. ಆದ್ದರಿಂದ ಅಗೆಯುವ ಕೆಲಸವನ್ನು ಅಕ್ಷಯ ತೃತೀಯದಿಂದ ಮಳೆ ಹಿಡಿಯುವವರೆಗಿನ ಅವಧಿಯಲ್ಲಿ ಮುಗಿಸಿ. ನೆಲ ಒಣಗಿರುತ್ತದೆ, ಗುಂಡಿಯಲ್ಲಿ ಏನಿದೆಯೆಂದು ಕಾಣುತ್ತದೆ, ಒಂದೆರಡು ಅಡ್ಡಮಳೆ ಬಿದ್ದರೆ ಸಸಿ ಬೇರು ಹಿಡಿಯುತ್ತದೆ. ವೃಷಭನಾಥರಿಗೆ ಶ್ರೇಯಾಂಸನು ಕಬ್ಬಿನ ಹಾಲಿನ ಆಹಾರ ನೀಡಿದ ತಿಥಿ ಅದು. ಅಂಗಳದ ಮೂಲೆಯಲ್ಲಿ ಎರಡು ಕಬ್ಬಿನ ಜಲ್ಲೆ ಊರಿದರೆ ಮುಂದಿನ ವರ್ಷಕ್ಕೆ ಮಕ್ಕಳಿಗೆ ತೋರಿಸಿ ಕಥೆ ಹೇಳಲೂ ಆಗುತ್ತದೆ, ಕೂಳೆಯಿಂದ ಅದು ಮತ್ತೆ ಮತ್ತೆ ಬರುತ್ತದೆ.

ಆ ಅವಧಿ ತಪ್ಪಿದವರಿಗೆ ದೀಪಾವಳಿ, ಅಂದರೆ ಮಹಾವೀರ ನಿರ್ವಾಣೋತ್ಸವ ಕಳೆದ ಮೇಲೆ ಎರಡನೆಯ ಅವಕಾಶ. ಕೊತ್ತಂಬರಿ, ಮೆಂತ್ಯೆ ಬಿತ್ತುವ ಆಸೆಯಿದ್ದರೆ ಅದಕ್ಕೂ ಇದೇ ಚಳಿಯ ಕಾಲ. ಕೊತ್ತಂಬರಿಯನ್ನು ಬೇರುಸಹಿತ ಕೀಳದೆ ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸಿದರೆ ಎರಡು ಮೂರು ಸಲ ಸಿಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ತೋಟದಲ್ಲಿ ಏನೂ ಮಾಡುವುದು ಬೇಡ. ನೀರು ಹಾಕುವ ಕೆಲಸವೂ ಇಲ್ಲ, ತೊಂಡೆಕಾಯಿ, ನಿಂಬೆ, ಮೆಣಸು ಕೊಯ್ದುಕೊಂಡರೆ ಆಯಿತು. ಕುಂಡದ ತೂತು ಕಟ್ಟಿಕೊಂಡಿದೆಯೇ ಎಂದು ಮಾತ್ರ ನೋಡುತ್ತಿರಿ.

ಕೊಯ್ಲು ಮತ್ತು ಪರ್ವದ ದಿನಗಳು

ಬೆಳಕು ಹರಿದ ಮೇಲೆ, ಹೊತ್ತು ಮುಳುಗುವ ಮೊದಲು, ಆ ದಿನಕ್ಕೆ ಬೇಕಾದಷ್ಟನ್ನೇ ಕೊಯ್ಯಿರಿ. ಮನೆಯಲ್ಲೇ ಗಿಡವಿದ್ದರೆ ಸಿಗುವ ನಿಜವಾದ ಲಾಭ ಇದು: ವಾರಕ್ಕಾಗುವಷ್ಟು ಕಟ್ಟು ತಂದು ಅರ್ಧ ಕೊಳೆಸುವುದು ತಪ್ಪುತ್ತದೆ. ಪ್ರತಿ ಎಲೆಯ ಹಿಂಬದಿಯನ್ನು ನೋಡಿ ಶೋಧಿಸಿ, ಅಂಟಿಕೊಂಡ ಜೀವವನ್ನು ಗಿಡದ ಬಳಿಯೇ ಬಿಟ್ಟು, ಆಮೇಲೆ ಒಳಗೆ ತನ್ನಿ. ತೊಳೆಯುವ ಪಾತ್ರೆಯಲ್ಲಿ ಶೋಧಿಸಿದರೆ ತಡವಾಗಿರುತ್ತದೆ.

ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವದ ದಿನಗಳಲ್ಲಿ ಹಸಿರು ಬಿಡುವ ಮನೆಗಳಿಗೆ ಬೇಸಿಗೆಯಲ್ಲೇ ತಯಾರಿ ಆಗಬೇಕು. ಕರಿಬೇವು, ಪುದೀನ, ಮಜ್ಜಿಗೆ ಹುಲ್ಲನ್ನು ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿ ತೆಳ್ಳಗಿನ ಬಟ್ಟೆ ಮುಚ್ಚಿ ಒಣಗಿಸಿ. ಮುರಿದರೆ ಚಟ್ಟನೆ ಪುಡಿಯಾಗುವಷ್ಟು ಒಣಗಿದ ಮೇಲೆ ಗಾಜಿನ ಸೀಸೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಮಳೆಗಾಲದಲ್ಲಿ ತೇವ ತಗುಲಿದರೆ ಬೂಷ್ಟು ಹಿಡಿಯುವುದರಿಂದ ಒಂದೇ ದೊಡ್ಡ ಸೀಸೆಗಿಂತ ನಾಲ್ಕು ಚಿಕ್ಕವು ವಾಸಿ, ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ. ಒಣ ಪದಾರ್ಥವನ್ನು ಎಷ್ಟು ದಿನ ಇಟ್ಟು ಬಳಸಬಹುದು ಎಂಬ ಮರ್ಯಾದೆ ಋತುವಿಗೆ ತಕ್ಕಂತೆ ಬೇರೆಯಾಗುತ್ತದೆ, ನಿಮ್ಮ ಮನೆಯ ಕ್ರಮವನ್ನೇ ಅನುಸರಿಸಿ.

ಮೊದಲ ವರ್ಷಕ್ಕೆ ಕರಿಬೇವು, ತೊಂಡೆ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ಈ ನಾಲ್ಕೇ ಸಾಕು. ಅವು ನಿಂತ ಮೇಲೆ ಉಳಿದವು. ಸಸಿಗಳಿಗಾಗಿ ಹಣ ಖರ್ಚು ಮಾಡುವ ಅಗತ್ಯವೂ ಹೆಚ್ಚಿಲ್ಲ: ಬಸದಿಗೆ ಬರುವ ನಾಲ್ಕು ಮನೆಯವರನ್ನು ಕೇಳಿದರೆ ಯಾರ ಹಿತ್ತಲಿನಲ್ಲಾದರೂ ತೊಂಡೆಯ ತುಂಡು, ದೊಡ್ಡಪತ್ರೆಯ ಗೆಲ್ಲು, ಕರಿಬೇವಿನ ಕಂದು ಇದ್ದೇ ಇರುತ್ತದೆ.